ದಾಸವಾಳದ ಮೇಲೆ ಬೊಬ್ಬೆ ದುಂಬಿ

ಮಳೆಗಾಲ ಅರ್ಧ ಕಳೆದು ಗೌರಿ ಗಣೇಶ ಹಬ್ಬ ಹತ್ತಿರ ಬಂತೆಂದರೆ ಹೆಬ್ಬಗೋಡಿಯ ಖಾಲಿ ಸೈಟುಗಳಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ. ಬೇಲಿಯ ದಾಸವಾಳ ಮೈತುಂಬ ಹೂ ಬಿಟ್ಟಿರುತ್ತದೆ. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋದವರು ಕೈ ಚಾಚುವ ಮೊದಲು ಒಂದು ಕ್ಷಣ ನಿಂತು ಹೂವಿನ ಒಳಗೆ ನೋಡುವುದು ಒಳ್ಳೆಯದು. ಅಲ್ಲಿ ಸುಮಾರು ಒಂದು ಅಂಗುಲ ಉದ್ದದ ಕಪ್ಪು ಹುಳು ತಲೆ ಬಗ್ಗಿಸಿಕೊಂಡು ಎಸಳನ್ನು ತಿನ್ನುತ್ತಿರಬಹುದು. ಅದರ ಬೆನ್ನ ಮೇಲೆ ಅಡ್ಡಡ್ಡಲಾಗಿ ಎರಡು ಕಿತ್ತಳೆ ಪಟ್ಟೆ, ಅವುಗಳ ಮುಂದೆ ಭುಜದ ಹತ್ತಿರ ಎರಡು ಕಿತ್ತಳೆ ಬೊಟ್ಟು. ಒಂದೇ ಹೂವಿನ ಮೇಲೆ ನಾಲ್ಕು ಹುಳುಗಳನ್ನು ನಾನೇ ನೋಡಿದ್ದೇನೆ.

ಇಂಗ್ಲಿಷಿನಲ್ಲಿ ಇದನ್ನು ಬ್ಲಿಸ್ಟರ್ ಬೀಟಲ್ ಎನ್ನುತ್ತಾರೆ. ನಮ್ಮ ಸುತ್ತಮುತ್ತ ಹೆಚ್ಚಾಗಿ ಕಾಣುವ ಪಟ್ಟೆಯ ಜಾತಿಗೆ ವಿಜ್ಞಾನಿಗಳು ಇಟ್ಟ ಹೆಸರು ಮೈಲಾಬ್ರಿಸ್ ಪುಸ್ಟುಲಾಟ. ಇದರ ದೇಹದ ರಸ ತಾಗಿದರೆ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ, ಆದ್ದರಿಂದ ನಾವು ಬೊಬ್ಬೆ ದುಂಬಿ ಎನ್ನೋಣ. ಈ ಹೆಸರು ಹೇಳಿದಾಗ ಆರನೇ ಕ್ಲಾಸಿನ ನನ್ನ ಮೊಮ್ಮಗಳು, "ತಾತ, ಅದು ಬೊಬ್ಬೆ ಹೊಡೆಯುತ್ತಾ?" ಎಂದು ಕೇಳಿದಳು. ಇಲ್ಲಮ್ಮ, ಅದು ಸದ್ದಿಲ್ಲದ ಪ್ರಾಣಿ. ಬೊಬ್ಬೆ ಹೊಡೆಯುವವರು ಅದನ್ನು ಮುಟ್ಟಿದವರು! ಇನ್ನೊಂದು ಮಾತು. ದುಂಬಿ ಎಂದ ಕೂಡಲೇ ಹೂವಿನ ಸುತ್ತ ಝೇಂಕರಿಸುವ ಕವಿಗಳ ದುಂಬಿಯನ್ನು ನೆನೆಯಬೇಡಿ. ಕೃಷಿ ಇಲಾಖೆಯವರು ರೆಕ್ಕೆಯ ಮೇಲೆ ಕವಚ ಇರುವ ಹುಳುಗಳನ್ನೆಲ್ಲ ದುಂಬಿ ಎಂದೇ ಕರೆಯುತ್ತಾರೆ, ಇದು ಆ ಪಂಗಡದ್ದು.

ನಾನು ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಇದ್ದವನು, ಕೀಟಗಳ ಪಂಡಿತನಲ್ಲ. ಆದರೆ ಸಹಿ ಹೋಲಿಸಿ ನೋಡುವುದು ನಮ್ಮ ಕೆಲಸವಾಗಿತ್ತು. ಚೆಕ್ಕಿನ ಸಹಿ, ಕಾರ್ಡಿನ ಸಹಿ ಎರಡೂ ಒಂದೇ ಕೈಯದೇ ಎಂದು ನೋಡುವಾಗ ಇಡೀ ಹೆಸರನ್ನು ಓದುತ್ತಿರಲಿಲ್ಲ. ಒಂದೆರಡು ತಿರುವು, ಒಂದು ಕೊಂಬು, ಒಂದು ಚುಕ್ಕೆ, ಅಷ್ಟನ್ನೇ ನೋಡುತ್ತಿದ್ದೆವು. ಹುಳುವನ್ನು ಗುರುತಿಸುವುದೂ ಹಾಗೆಯೇ. ಬಣ್ಣ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೇವೆ. ಬೊಬ್ಬೆ ದುಂಬಿಯ 'ಸಹಿ' ಇರುವುದು ಕುತ್ತಿಗೆಯಲ್ಲಿ. ತಲೆ ಅಗಲ, ರೆಕ್ಕೆಯ ಕವಚ ಅಗಲ, ನಡುವಿನ ಎದೆಯ ಭಾಗ ಮಾತ್ರ ಸಣ್ಣ. ಕೊರಳಿಗೆ ದಾರ ಬಿಗಿದು ಕಟ್ಟಿದಂತೆ ಕಾಣುತ್ತದೆ. ಬೇರೆ ದುಂಬಿಗಳಲ್ಲಿ ಸಾಮಾನ್ಯವಾಗಿ ಹೀಗಿರುವುದಿಲ್ಲ. ಎರಡನೆಯದು ಕವಚ. ಸಗಣಿ ಹುಳುವಿನ ಕವಚದಂತೆ ಗಟ್ಟಿಯಲ್ಲ, ತೆಳ್ಳಗಿನ ತೊಗಲಿನಂತೆ ಮೆತ್ತಗೆ ಇರುತ್ತದೆ. ಮೆತ್ತಗಿದೆಯೇ ಎಂದು ಒತ್ತಿ ನೋಡಲು ಹೋಗಬೇಡಿ ಮಕ್ಕಳೇ! ಮೂರನೆಯದು ಕಾಲು. ಇದಕ್ಕೆ ಭೂತಗನ್ನಡಿ ಬೇಕು. ಮುಂದಿನ ನಾಲ್ಕು ಕಾಲುಗಳ ಪಾದದಲ್ಲಿ ಐದೈದು ಗಿಣ್ಣು, ಹಿಂದಿನ ಎರಡರಲ್ಲಿ ನಾಲ್ಕೇ. ಸತ್ತ ಹುಳುವನ್ನು ಚಿಮಟದಲ್ಲಿ ಹಿಡಿದು ಎಣಿಸಿದ ದಿನ ನನಗೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾದಷ್ಟು ಸಂತೋಷವಾಯಿತು.

ಇದೇ ಬಳಗದಲ್ಲಿ ಪಟ್ಟೆಯೇ ಇಲ್ಲದವೂ ಇವೆ. ಕಪ್ಪು ಮೈಗೆ ಕೆಂಪು ತಲೆ ಇರುವವು, ಹಸಿರು ನೀಲಿಯಾಗಿ ಲೋಹದಂತೆ ಹೊಳೆಯುವವು, ಹೀಗೆ ಪ್ರಪಂಚದಲ್ಲಿ ಸುಮಾರು 3000 ಬಗೆ. ಎಲ್ಲದರಲ್ಲೂ ಆ ಸಣ್ಣ ಕುತ್ತಿಗೆಯನ್ನು ಹುಡುಕಬೇಕು. ಅದೇ ರೀತಿ, ಕೆಂಪು ಕಪ್ಪು ಇರುವ ಎಲ್ಲವೂ ಬೊಬ್ಬೆ ದುಂಬಿಯಲ್ಲ. ಗುಲಗಂಜಿ ಹುಳು ಗುಂಡಗೆ, ಬಟನ್ನಿನಂತೆ ಇರುತ್ತದೆ; ಅದು ನಮಗೆ ಏನೂ ಮಾಡುವುದಿಲ್ಲ. ಬೆಂಡೆ ಗಿಡದಲ್ಲಿ ಗುಂಪುಗುಂಪಾಗಿ ಕೂರುವ ಕೆಂಪು ತಿಗಣೆಗೆ ಸೂಜಿಯಂಥ ಮೂತಿ ಇದೆ, ಅದು ರಸ ಹೀರುತ್ತದೆ, ಹೂ ಕಚ್ಚಿ ತಿನ್ನುವುದಿಲ್ಲ. ಕುಂಬಳ ಬಳ್ಳಿಯ ಎಲೆಯಲ್ಲಿ ತೂತು ಮಾಡುವ ಸಣ್ಣ ಕೆಂಪು ದುಂಬಿಯೂ ಬೇರೆಯೇ. ಇವುಗಳನ್ನೆಲ್ಲ ಕಂಡಕಂಡಲ್ಲಿ ಚಪ್ಪಲಿಯಿಂದ ಬಡಿಯುವವರಿದ್ದಾರೆ.

ಪಟ್ಟೆ ಯಾಕೆ ಅಷ್ಟು ಎದ್ದು ಕಾಣುತ್ತದೆ? ರಸ್ತೆ ಅಗೆಯುವ ಕಡೆ ಕಿತ್ತಳೆ ಬಣ್ಣದ ತಡೆ ಇಟ್ಟಿರುತ್ತಾರಲ್ಲ, ಅದೇ ಕಾರಣಕ್ಕೆ. ಹೊಸೂರು ರಸ್ತೆಯಲ್ಲಿ ಓಡಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಓಡಲು ಶುರುವಾಗುವವರೆಗೆ ವರ್ಷಗಟ್ಟಲೆ ಅಂಥ ತಡೆಗಳ ನಡುವೆಯೇ ಬಸ್ಸು ಹಿಡಿದವರು ನಾವು. ಹಕ್ಕಿಯೊಂದು ಒಮ್ಮೆ ಬಾಯಿ ಸುಟ್ಟುಕೊಂಡರೆ ಆ ಬಣ್ಣವನ್ನು ನೆನಪಿಡುತ್ತದೆ. ಅದಕ್ಕೇ ಈ ದುಂಬಿಗೆ ಅವಿತುಕೊಳ್ಳುವ ಗರಜು ಇಲ್ಲ. ಹಾಡಹಗಲು, ಹೂವಿನ ನೆತ್ತಿಯ ಮೇಲೆ, ನಿಧಾನವಾಗಿ ಊಟ. ಹಾರುವುದೂ ಭಾರ ಹೊತ್ತವರಂತೆ ಮೆಲ್ಲಗೆ.

ಬಾಯಿ ಸುಡುವ ಆ ವಸ್ತುವಿನ ಹೆಸರು ಕ್ಯಾಂಥರಿಡಿನ್. 1810ರಲ್ಲಿ ಫ್ರಾನ್ಸಿನ ಪಿಯೆರ್ ರೊಬಿಕೆ ಎಂಬ ರಸಾಯನ ವಿಜ್ಞಾನಿ ಯೂರೋಪಿನ ಹಸಿರು ಬೊಬ್ಬೆ ದುಂಬಿಯಿಂದ ಇದನ್ನು ಬೇರ್ಪಡಿಸಿದರು. ದುಂಬಿ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಹಿಡಿದರೆ, ಅದುಮಿದರೆ ಕಾಲಿನ ಕೀಲುಗಳಿಂದ ಹಳದಿ ಹನಿ ಒಸರುತ್ತದೆ. ಆ ಹನಿ ತಾಗಿದಾಗ ಉರಿ ಗೊತ್ತಾಗದೆ ಇರಬಹುದು. ಕೆಲವು ಗಂಟೆಗಳಾದ ಮೇಲೆ ಅಲ್ಲಿ ನೀರು ತುಂಬಿದ ಬೊಬ್ಬೆ ಏಳುತ್ತದೆ. ಬ್ಯಾಂಕಿನಲ್ಲಿ ದಿನದ ವೋಚರುಗಳನ್ನು ಜೋಡಿಸಿ ದಾರ ಪೋಣಿಸಿ ಕಟ್ಟುತ್ತಿದ್ದೆವು. ದಾರ ಕತ್ತರಿಸಿದರೆ ಹಾಳೆಗಳೆಲ್ಲ ಬಿಡಿಬಿಡಿ. ನಮ್ಮ ಮೇಲ್ಚರ್ಮದ ಕೋಶಗಳನ್ನೂ ಸಣ್ಣ ಕೊಂಡಿಗಳು ಒಂದಕ್ಕೊಂದು ಹಿಡಿದಿಟ್ಟಿವೆ. ಕ್ಯಾಂಥರಿಡಿನ್ ತಾಗಿದಾಗ ಆ ಕೊಂಡಿಗಳು ಕಳಚುತ್ತವೆ, ಸಂದಿಯಲ್ಲಿ ನೀರು ತುಂಬುತ್ತದೆ. ಮೇಲಿನ ಪದರಕ್ಕಷ್ಟೇ ಪೆಟ್ಟಾಗುವುದರಿಂದ ಸಾಮಾನ್ಯವಾಗಿ ಕಲೆ ಉಳಿಯದೆ ವಾಸಿಯಾಗುತ್ತದೆ.

ಹೊಟ್ಟೆಗೆ ಹೋದರೆ ಮಾತ್ರ ಇದು ಬಹಳ ಕೆಟ್ಟ ವಿಷ. ಕೆಲವು ಹತ್ತು ಮಿಲಿಗ್ರಾಂ ಮನುಷ್ಯನ ಪ್ರಾಣ ತೆಗೆಯಬಲ್ಲದು. ದುಂಬಿ ಸತ್ತು ಒಣಗಿದರೂ ವಿಷ ಹೋಗುವುದಿಲ್ಲ. ಅಮೆರಿಕದಲ್ಲಿ ಕುದುರೆ ಮಸಾಲೆ ಸೊಪ್ಪನ್ನು ಯಂತ್ರದಿಂದ ಕೊಯ್ದು ಒಣಗಿಸುವಾಗ ಹೂವಿನ ಮೇಲಿದ್ದ ಬೊಬ್ಬೆ ದುಂಬಿಗಳೂ ಜಜ್ಜಿ ಮೇವಿನಲ್ಲಿ ಸೇರಿಬಿಡುತ್ತವೆ. ತಿಂಗಳುಗಳ ನಂತರ ಆ ಒಣಮೇವು ತಿಂದ ಕುದುರೆಗಳು ಸತ್ತದ್ದುಂಟು. ಆದ್ದರಿಂದ ಅಜ್ಜಂದಿರೇ, ಮೊಮ್ಮಕ್ಕಳು ಬೆಂಕಿಪೊಟ್ಟಣದಲ್ಲಿ ಒಣ ದುಂಬಿ ಕೂಡಿಟ್ಟುಕೊಂಡಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. ಇಷ್ಟೆಲ್ಲ ಇದ್ದರೂ ಮನುಷ್ಯ ಈ ವಿಷವನ್ನು ಬಿಟ್ಟಿಲ್ಲ. ಬ್ರಿಟಿಷರ ಕಾಲದ ಔಷಧಿ ಪಟ್ಟಿಯಲ್ಲಿ ನಮ್ಮ ಮೈಲಾಬ್ರಿಸ್‌ಗೂ ಜಾಗವಿತ್ತು. ಬೇಕೆಂದೇ ಬೊಬ್ಬೆ ಎಬ್ಬಿಸಿ ನೋವು ಇಳಿಸುವ ಪಟ್ಟು ಹಾಕುತ್ತಿದ್ದರು. 2023ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮಕ್ಕಳ ಚರ್ಮದ ಮೇಲೆ ವೈರಸ್ಸಿನಿಂದ ಏಳುವ ಮೊಲಸ್ಕಮ್ ಎಂಬ ಸಣ್ಣ ಗಂಟುಗಳಿಗೆ ವೈದ್ಯರೇ ಹಚ್ಚಬೇಕಾದ ಕ್ಯಾಂಥರಿಡಿನ್ ದ್ರವಕ್ಕೆ ಒಪ್ಪಿಗೆ ಕೊಟ್ಟಿತು. ಮನೆಮದ್ದು ಪ್ರಯೋಗ ಮಾಡುವ ಉಮೇದು ನಮ್ಮ ವಯಸ್ಸಿನವರಲ್ಲಿ ಜಾಸ್ತಿ. ದಯವಿಟ್ಟು ಇದೊಂದನ್ನು ಬಿಡಿ.

ದುಂಬಿ ಮೈಮೇಲೆ ಕೂತರೆ ಹೊಡೆಯಬೇಡಿ. ಉಫ್ ಎಂದು ಊದಿ, ಇಲ್ಲವೇ ಒಂದು ಎಲೆಯಿಂದ ಸರಿಸಿ. ರಸ ತಾಗಿದ್ದರೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಆ ಕೈಯಿಂದ ಕಣ್ಣು ಉಜ್ಜಬೇಡಿ. ಬೊಬ್ಬೆ ಬಂದರೆ ಒಡೆಯಬೇಡಿ. ಕಣ್ಣಿಗೆ, ಬಾಯಿಗೆ ಹೋಗಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಇನ್ನು ಈ ಹುಳುವಿನ ಬಾಲ್ಯ. ಅದನ್ನು ತಿಳಿದ ಮೇಲೆ ನನಗೆ ಇದರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ತಾಯಿ ದುಂಬಿ ಮಣ್ಣಿನಲ್ಲಿ ಕುಳಿ ಮಾಡಿ ಮೊಟ್ಟೆಯ ರಾಶಿ ಇಡುತ್ತದೆ. ಬೊಬ್ಬೆ ದುಂಬಿಗಳ ಎಷ್ಟೋ ಜಾತಿಗಳಲ್ಲಿ ಈ ವಿಷವನ್ನು ತಯಾರಿಸುವುದು ಮುಖ್ಯವಾಗಿ ಗಂಡು. ಜೋಡಿಯಾಗುವಾಗ ಅದನ್ನು ಹೆಣ್ಣಿಗೆ ಕೊಡುತ್ತದೆ. ಕೀಟಶಾಸ್ತ್ರಜ್ಞರು ಇದನ್ನು ಮದುವೆಯ ಉಡುಗೊರೆ ಎಂದೇ ಕರೆಯುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಮುಯ್ಯಿ! ಹೆಣ್ಣು ಆ ಮುಯ್ಯಿಯನ್ನು ತಾನೇ ಇಟ್ಟುಕೊಳ್ಳದೆ ಮೊಟ್ಟೆಗಳಿಗೆ ಸವರುತ್ತದೆ, ಇರುವೆ ಮುಂತಾದವು ತಿನ್ನದಿರಲಿ ಎಂದು. ಇಷ್ಟು ಉಗ್ರ ವಿಷವನ್ನೂ ಬಯಸಿ ಬರುವ ಕಳ್ಳರಿದ್ದಾರೆ. ಇರುವೆಯಂತೆ ಕಾಣುವ ಕೆಲವು ಪುಟ್ಟ ದುಂಬಿಗಳು ಬೊಬ್ಬೆ ದುಂಬಿಯ ಬೆನ್ನೇರಿ ಅದರ ಮೈಯ ವಿಷ ನೆಕ್ಕಿ ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತವೆ.

ಮೊಟ್ಟೆಯೊಡೆದು ಬರುವ ಮರಿ ತೆವಳುವ ಸೋಮಾರಿಯಲ್ಲ, ಆರು ಕಾಲಿನ ಓಟಗಾರ. ಮಣ್ಣಿನ ಬಿರುಕುಗಳಲ್ಲಿ ಓಡಾಡಿ ಒಂದು ವಸ್ತುವನ್ನು ಹುಡುಕುತ್ತದೆ. ಏನು ಗೊತ್ತೇ? ಮಿಡತೆಯ ಮೊಟ್ಟೆ. ಮಿಡತೆ ತನ್ನ ಬಾಲದ ತುದಿಯನ್ನು ಮಣ್ಣಿನೊಳಗೆ ಚುಚ್ಚಿ, ನೊರೆಯಲ್ಲಿ ಸುತ್ತಿದ ಮೊಟ್ಟೆಗಳನ್ನು ಇಟ್ಟಿರುತ್ತದೆ. ನೊರೆ ಒಣಗಿ ಸಣ್ಣ ಚೀಲದಂತಾಗುತ್ತದೆ. ನಮ್ಮ ಮರಿ ಆ ಚೀಲದೊಳಗೆ ನುಗ್ಗಿ ಮೊಟ್ಟೆ ತಿನ್ನಲು ಶುರು ಮಾಡುತ್ತದೆ. ಊಟ ಸಿಕ್ಕಿದ ಮೇಲೆ ಓಡುವ ಕಾಲು ಯಾಕೆ? ಪೊರೆ ಕಳಚಿ, ಮೋಟು ಕಾಲಿನ ಡೊಳ್ಳು ಹೊಟ್ಟೆಯ ಹುಳುವಾಗುತ್ತದೆ. ಹೊಟ್ಟೆ ತುಂಬಿದ ಮೇಲೆ ಇನ್ನೊಮ್ಮೆ ರೂಪ ಬದಲಿಸಿ, ಗಟ್ಟಿ ಸಿಪ್ಪೆಯೊಳಗೆ ಅಲ್ಲಾಡದೆ ಬಿದ್ದಿರುತ್ತದೆ. ಬೇಸಿಗೆಯ ಒಣನೆಲವನ್ನು ಕಳೆಯುವುದು ಹೀಗೆ. ಆಮೇಲೆ ಮತ್ತೆ ಹುಳು, ಮತ್ತೆ ಕೋಶ, ಕೊನೆಗೆ ಪಟ್ಟೆಯ ದುಂಬಿ. ಹಳ್ಳಿಗೆ ಬರುತ್ತಿದ್ದ ಹಗಲುವೇಷದವರು ದಿನಕ್ಕೊಂದು ವೇಷ ಹಾಕುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಈ ಬಳಗದ ವೇಷಗಳ ವಿಚಾರವನ್ನು 1857ರಲ್ಲಿ ಮೊದಲು ವಿವರವಾಗಿ ಬರೆದವರು ಫ್ರಾನ್ಸಿನ ಶಾಲಾ ಮೇಷ್ಟರು ಜಾನ್ ಆನ್ರಿ ಫಾಬ್ರ್. ಅವರು ನೋಡಿದ ಜಾತಿಯ ಮರಿ ಮಿಡತೆಯ ಬದಲು ಒಂಟಿ ಜೇನಿನ ಗೂಡಿಗೆ ನುಗ್ಗುವಂಥದ್ದು.

ಹಾಗಾದರೆ ಲೆಕ್ಕ ಹಾಕಿ ನೋಡಿ. ದೊಡ್ಡದಾದ ಮೇಲೆ ತೊಗರಿ, ಅಲಸಂದೆ, ಬೆಂಡೆ, ದಾಸವಾಳಗಳ ಹೂ ತಿಂದು ನಷ್ಟ ಮಾಡುತ್ತದೆ. ಹೂ ಹೋದರೆ ಕಾಯಿ ಇಲ್ಲ. ಅದು ಖರ್ಚಿನ ಕಡೆ. ಚಿಕ್ಕಂದಿನಲ್ಲಿ ಮಿಡತೆಯ ಮೊಟ್ಟೆ ತಿಂದು ಪೈರು ಉಳಿಸುತ್ತದೆ. ಅದು ಜಮೆಯ ಕಡೆ. ಯಾವುದು ಹೆಚ್ಚು ಎಂದು ಪ್ರತಿ ಹೊಲದಲ್ಲೂ ಬೇರೆ ಬೇರೆ ಉತ್ತರ ಬರಬಹುದು. ಖಾಲಿ ಸೈಟಿನ ಹುಲ್ಲಿನಲ್ಲಿ ಮಿಡತೆ ಜಾಸ್ತಿ, ಪಕ್ಕದ ಬೇಲಿಯಲ್ಲಿ ದಾಸವಾಳ ಜಾಸ್ತಿ. ಮರಿಗೂ ಊಟ, ದೊಡ್ಡವರಿಗೂ ಊಟ. ನಮ್ಮ ಬಡಾವಣೆ ಇವಕ್ಕೆ ಒಗ್ಗಿರುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನೂ ತಿನ್ನುವ ಗಟ್ಟಿಗರು ಇದ್ದಾರೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿರುವ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಜಾತಿಯ ಆಹಾರದಲ್ಲಿ ಮಿಡತೆಯ ಜೊತೆಗೆ ಮೈಲಾಬ್ರಿಸ್ ದುಂಬಿಯೂ ಸೇರಿದೆ ಎಂದು ಪಕ್ಷಿತಜ್ಞರು ಗುರುತಿಸಿದ್ದಾರೆ.

ಈಗ ನಮ್ಮ ಬಡಾವಣೆಯ ಗಲಾಟೆಗೆ ಬರುತ್ತೇನೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಮೂರನೇ ಕ್ರಾಸಿನ ಏಳು ವರ್ಷದ ಹುಡುಗನೊಬ್ಬನ ಕತ್ತಿನ ಮೇಲೆ ಬರೆ ಎಳೆದಂತೆ ಉದ್ದಕ್ಕೆ ಬೊಬ್ಬೆಗಳು ಎದ್ದವು. ಯಾರೋ ದಾಸವಾಳದ ಮೇಲಿನ ದುಂಬಿಯ ಫೋಟೊ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಿ, ಇದೇ ಕಾರಣ ಎಂದರು. ಸಂಜೆಯೊಳಗೆ ಇಡೀ ಬೇಲಿಗೂ ಖಾಲಿ ಸೈಟಿಗೂ ಕೀಟನಾಶಕ ಹೊಡೆಸಬೇಕು ಎಂದು ತೀರ್ಮಾನವಾಗಿತ್ತು. ಆ ಸೈಟಿನ ಒಂದು ಅಂಚಿನಲ್ಲಿ ಮುನಿಯಮ್ಮನ ವಯಸ್ಸಿನ, ಇದೇ ಊರಿನ ಹಳೇ ಒಕ್ಕಲು ಮನೆಯ ಅಜ್ಜಿಯೊಬ್ಬರು ಎರಡು ಸಾಲು ಅಲಸಂದೆ, ಒಂದು ಸಾಲು ತೊಗರಿ ಹಾಕಿಕೊಂಡಿದ್ದರು. ಅವರ ಹೊಲ ಹೋಗಿ ಶೆಡ್ಡುಗಳೆದ್ದು ಬಹಳ ಕಾಲವಾಯಿತು. ಸೈಟಿನ ಯಜಮಾನರು ಕಟ್ಟುವವರೆಗೆ ಬೆಳೆದುಕೊಳ್ಳಿ ಎಂದಿದ್ದರು. ಅಲಸಂದೆ ಆಗ ಹೂ, ಎಳೆಗಾಯಿ ಎರಡರಲ್ಲೂ ಇತ್ತು. ದಿನಾ ಬೆಳಿಗ್ಗೆ ಕಾಯಿ ಬಿಡಿಸಿ ಒಂದಿಷ್ಟನ್ನು ಮನೆಗೆ, ಮಿಕ್ಕದ್ದನ್ನು ಬೀದಿಯವರಿಗೆ ಮಾರುತ್ತಿದ್ದರು.

ನನಗೆ ಬಣ್ಣ ಹಚ್ಚಿದ ವರದಿಗಿಂತ ದಿನಚರಿ ಮುಖ್ಯ. ಹುಡುಗನ ತಾಯಿಯನ್ನು ಕೇಳಿದೆ, "ಹಿಂದಿನ ದಿನ ಗಿಡದ ಹತ್ತಿರ ಹೋಗಿದ್ದನೇನಮ್ಮ?" "ಇಲ್ಲ ಅಂಕಲ್, ಜ್ವರ ಅಂತ ಎರಡು ದಿನದಿಂದ ಮನೇಲೇ ಇದ್ದ." ಮಂಚ ಕಿಟಕಿಯ ಪಕ್ಕ. ಕಿಟಕಿಗೆ ಜಾಲರಿ ಇಲ್ಲ. ತಂದೆಯದು ರಾತ್ರಿ ಪಾಳಿ, ಟ್ಯೂಬ್‌ಲೈಟ್ ತಡರಾತ್ರಿವರೆಗೆ ಉರಿಯುತ್ತದೆ. ಲೈಟಿನ ಪಟ್ಟಿಯ ಮೇಲೆ ನೋಡಿದರೆ ಸತ್ತ ಹುಳುಗಳ ನಡುವೆ ಇರುವೆಯಂಥ ಐದಾರು ಸಿಕ್ಕವು. ಕಪ್ಪು ತಲೆ, ಕಿತ್ತಳೆ ಎದೆ, ಬೆನ್ನ ಮೇಲೆ ಮೋಟು ನೀಲಿ ಕವಚ, ಕಿತ್ತಳೆ ಹೊಟ್ಟೆಗೆ ಕಪ್ಪು ತುದಿ. ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ. ಇದು ಪೀಡೆರಸ್ ಎಂಬ ಬೇರೆಯೇ ಕುಲದ ಹುಳು. ಕೆಲವರು ಆ್ಯಸಿಡ್ ಹುಳ ಎನ್ನುತ್ತಾರೆ. ಕೆರೆ, ಗದ್ದೆಗಳಂಥ ಒದ್ದೆ ಜಾಗದಲ್ಲಿ ಬೆಳೆದು ರಾತ್ರಿ ದೀಪಕ್ಕೆ ಬರುತ್ತದೆ. ಇದರೊಳಗಿನ ವಿಷ ಕ್ಯಾಂಥರಿಡಿನ್ ಅಲ್ಲ, ಪೆಡೆರಿನ್. ಅದನ್ನು ತಯಾರಿಸುವುದು ಅದರ ದೇಹದಲ್ಲಿ ವಾಸಿಸುವ ಬ್ಯಾಕ್ಟೀರಿಯ. ನಿದ್ದೆಗಣ್ಣಿನಲ್ಲಿ ಕತ್ತಿನ ಮೇಲೆ ಹರಿದ ಹುಳುವನ್ನು ಉಜ್ಜಿಬಿಟ್ಟರೆ ಉಜ್ಜಿದ ಗೆರೆಯ ಉದ್ದಕ್ಕೂ ಒಂದೆರಡು ದಿನದಲ್ಲಿ ಚರ್ಮ ಸುಟ್ಟಂತಾಗುತ್ತದೆ. 2022ರ ಜುಲೈನಲ್ಲಿ ಸಿಕ್ಕಿಂನ ಒಂದು ಎಂಜಿನಿಯರಿಂಗ್ ಕಾಲೇಜಿನ ಸುಮಾರು ನೂರು ವಿದ್ಯಾರ್ಥಿಗಳು 'ನೈರೋಬಿ ನೊಣ'ದಿಂದ ತೊಂದರೆಪಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅದು ಇದೇ ಕುಲದ್ದು. ಹೆಸರಿಗೆ ನೊಣ, ನಿಜಕ್ಕೆ ದುಂಬಿ. ಚರ್ಮದ ಡಾಕ್ಟರೂ ಗಾಯ ನೋಡಿ ಅದೇ ಹೇಳಿದರು.

ಬೇಲಿಗೆ ಔಷಧಿ ಹೊಡೆದಿದ್ದರೆ ಆ ಹುಡುಗನ ಕಿಟಕಿಗೆ ಏನೂ ಆಗುತ್ತಿರಲಿಲ್ಲ. ಆದರೆ ಹೂವಿಗೆ ಬರುವ ಜೇನು ಸಾಯುತ್ತಿತ್ತು, ಬಿಡಿಸುತ್ತಿದ್ದ ಅಲಸಂದೆಯ ಮೇಲೆ ವಿಷ ಬೀಳುತ್ತಿತ್ತು. ಮಾರನೆಯ ದಿನದ ಸಭೆಗೆ ನಾನು ಎರಡು ಗಾಜಿನ ಬಾಟಲಿ ತೆಗೆದುಕೊಂಡು ಹೋದೆ. ಒಂದರಲ್ಲಿ ಪಟ್ಟೆಯ ದುಂಬಿ, ಇನ್ನೊಂದರಲ್ಲಿ ಟ್ಯೂಬ್‌ಲೈಟಿನ ಹುಳು. ಅರ್ಧ ಗಂಟೆ ವಾದವಾಯಿತು. ಒಬ್ಬರು, "ಎರಡನ್ನೂ ಸಾಯಿಸಿದರೆ ಆಯ್ತಲ್ಲ ಸಾರ್?" ಎಂದರು. ಕಡೆಗೆ ಕಿಟಕಿಗಳಿಗೆ ಜಾಲರಿ, ರಾತ್ರಿ ಬೇಡದ ದೀಪ ಆರಿಸುವುದು, ಮಲಗುವ ಮೊದಲು ಹಾಸಿಗೆ ಕೊಡವುವುದು ಎಂದು ಒಪ್ಪಿದರು. ಔಷಧಿಗೆಂದು ಎತ್ತಿದ ಹಣದಲ್ಲೇ ನಾಲ್ಕು ಮನೆಗಳಿಗೆ ಜಾಲರಿ ಬಂತು.

ಅಜ್ಜಿ ಮಾತ್ರ ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಹುಳ ಒಳ್ಳೇದು ಅಂತ ನೀವ್ ಏಳ್ತೀರಾ ಸ್ವಾಮಿ, ನನ್ನ ಹೂವೆಲ್ಲ ತಿಂದದಲ್ಲ, ಅದ್ನ ಯಾರ್ ಕೊಡ್ತಾರೆ?" ನ್ಯಾಯವಾದ ಪ್ರಶ್ನೆ. ಅವರ ಎರಡು ಸಾಲಿನಲ್ಲಿ ಹತ್ತು ಹೂ ಹೋದರೂ ಅದು ನಷ್ಟವೇ. ಆದ್ದರಿಂದ ಅವರ ಸಾಲುಗಳಲ್ಲಿ ಮಾತ್ರ ಹಿಡಿಯುವುದು, ಬೇಲಿಯ ದಾಸವಾಳದವನ್ನು ಬಿಡುವುದು ಎಂದು ಗೊತ್ತು ಮಾಡಿಕೊಂಡೆವು. ಬೆಳಗಿನ ತಂಪಿನಲ್ಲಿ ದುಂಬಿಗಳು ಮಂಕಾಗಿರುತ್ತವೆ. ಉದ್ದ ತೋಳಿನ ಅಂಗಿ, ರಬ್ಬರ್ ಕೈಗವಸು ಹಾಕಿಕೊಂಡು, ಸೋಪಿನ ನೀರಿನ ಹಳೇ ಮಗ್ಗನ್ನು ಹೂವಿನ ಕೆಳಗೆ ಹಿಡಿದು, ಕಡ್ಡಿಯಿಂದ ತಟ್ಟಿದರೆ ಒಳಗೆ ಬೀಳುತ್ತವೆ. ಸತ್ತವನ್ನು ಮಣ್ಣಿನಲ್ಲಿ ಹೂಳಬೇಕು. ಕೋಳಿಗೆ, ದನದ ಮೇವಿಗೆ ಸೋಕಬಾರದು. ಇದು ದೊಡ್ಡವರ ಕೆಲಸ. ಮಕ್ಕಳದು ಎರಡು ಮಾರು ದೂರ ನಿಂತು ಲೆಕ್ಕ ಬರೆಯುವ ಕೆಲಸ. ಮೊಮ್ಮಗಳು ನನ್ನ ಹಳೇ ಲೆಡ್ಜರ್ ಹಾಳೆಯಲ್ಲಿ ತಾರೀಖು, ಗಿಡ, ದುಂಬಿಯ ಸಂಖ್ಯೆ ಎಂದು ಗೆರೆ ಎಳೆದುಕೊಂಡಳು. ಅದನ್ನು ನೋಡಿದ ಅಜ್ಜಿ, "ಹುಳುಕ್ಕೂ ಪಾಸ್‌ಬುಕ್ ಮಾಡ್ಕೊಟ್ರಾ?" ಎಂದು ನಕ್ಕರು. ಆ ವರ್ಷ ಅವರ ಅಲಸಂದೆ ನಮ್ಮ ಮನೆಗೂ ಮೂರು ಸಲ ಬಂತು, ದುಡ್ಡು ತೆಗೆದುಕೊಳ್ಳಲಿಲ್ಲ.

ನವೆಂಬರಿನ ಕೃಷಿ ಮೇಳಕ್ಕೆ ಜಿಕೆವಿಕೆಗೆ ಹೋದಾಗ ಮೊಮ್ಮಗಳು ಆ ಹಾಳೆಯನ್ನು ಕೀಟಗಳ ಮಳಿಗೆಯಲ್ಲಿದ್ದ ವಿದ್ಯಾರ್ಥಿಗೆ ತೋರಿಸಿದಳು. ಆತ ಅದನ್ನು ಪೂರ್ತಿ ಓದಿ, ಇನ್ನೊಂದು ಕಲಮು ಸೇರಿಸು, ಅವತ್ತು ಮಳೆ ಬಂದಿತ್ತೇ ಇಲ್ಲವೇ ಎಂದು ಬರೆ ಎಂದ. ಈಗ ಸೇರಿಸಿದ್ದಾಳೆ. ಕೊನೆಯ ದುಂಬಿಯನ್ನು ಕಂಡದ್ದು ಡಿಸೆಂಬರಿನ ಮೊದಲ ವಾರ, ತೊಗರಿಯ ಮೇಲೆ.

ಸಂಕ್ರಾಂತಿ ಕಳೆದ ಮೇಲೆ ಆ ಸೈಟಿಗೆ ಜೆಸಿಬಿ ಬಂತು. ತಳಪಾಯಕ್ಕೆ ಅಗೆದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ ಎರಡು ರಸ್ತೆ ಆಚೆಯ ತಗ್ಗಿಗೆ ಸುರಿದಿದ್ದಾರೆ. ಸಿಪ್ಪೆಯೊಳಗೆ ಮಲಗಿದ ಮರಿಗಳು ಆ ಮಣ್ಣಿನಲ್ಲಿ ಇದ್ದರೂ ಇರಬಹುದು. ಆ ಗುಡ್ಡೆಯ ಮೇಲೆ ಈಗ ಹುಲ್ಲು ಚಿಗುರುತ್ತಿದೆ, ಮಿಡತೆಗಳು ಬಂದಿವೆ. ಅಜ್ಜಿ ಅದರ ಪಕ್ಕದ ಜಾಗದ ಯಜಮಾನರು ಯಾರೆಂದು ವಿಚಾರಿಸುತ್ತಿದ್ದಾರೆ.